ಹಳೆಯ ಯೆಜ್ಡಿಗೆ ಟಚ್‌ಅಪ್: ಪಕ್ಕದ ಬಣ್ಣಕ್ಕೆ ಹೊಂದಿದರೆ ಸಾಕು

‘ಪೂರ್ತಿ ಹೊಡೆದುಬಿಡೋಣ ಸಾರ್, ಶೋರೂಮಿಂದ ಬಂದ ಹಾಗಿರುತ್ತೆ.’ ಹಳೆಯ ಜಾವಾನೋ ಯೆಜ್ಡಿನೋ ಪೇಂಟರ್ ಬಳಿ ತೆಗೆದುಕೊಂಡು ಹೋದವರು ಮೊದಲು ಕೇಳುವ ಮಾತು ಇದು. ಒಪ್ಪಿಕೊಳ್ಳುವ ಮುಂಚೆ ಸ್ವಲ್ಪ ತಡೆಯಿರಿ. ಗಾಡಿಯ ಮೇಲೆ ಕಾರ್ಖಾನೆಯಲ್ಲಿ ಹೊಡೆದ ಬಣ್ಣ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಅದನ್ನು ಕೆರೆದು ಹಾಕುವುದು ನಷ್ಟ. ಕಿತ್ತುಹೋದ ಜಾಗಕ್ಕಷ್ಟೇ ಬಣ್ಣ ಹೊಂದಿಸಿ ಟಚ್‌ಅಪ್ ಮಾಡುವ ಕೆಲಸ ನಿಧಾನದ್ದು. ಆದರೆ ಮನೆಯ ಅಂಗಳದಲ್ಲಿ, ಕಡಿಮೆ ಖರ್ಚಿನಲ್ಲಿ, ತಾಳ್ಮೆಯಿರುವ ಯಾರು ಬೇಕಾದರೂ ಮಾಡಬಹುದು.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಮೋಟಾರ್‌ಸೈಕಲ್ ತಯಾರಾಗತೊಡಗಿದವು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಇದನ್ನು ಕಟ್ಟಿದವರು ರುಸ್ತುಂ ಮತ್ತು ಫರೋಕ್ ಇರಾನಿ. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಆ ಹೆಸರುಗಳು ಈಚೆಗೆ ಹೊಸ ಗಾಡಿಗಳ ಮೇಲೆ ಮರಳಿ ಬಂದಿವೆ ನಿಜ. ಆದರೆ ಹೊಸ ಗಾಡಿಯ ‘ಮರೂನ್’ ಹಳೆಯ ಗಾಡಿಯ ಮರೂನ್ ಆಗಿರಲೇಬೇಕೆಂದಿಲ್ಲ. ಬಣ್ಣದ ಹೆಸರು ನಂಬಿ ಡಬ್ಬಿ ಕೊಳ್ಳಬೇಡಿ.

ದೇವನಹಳ್ಳಿ ತಾಲೂಕಿನ ನಲ್ಲೂರು, ಚನ್ನರಾಯಪಟ್ಟಣ, ವಿಜಯಪುರದ ಕಡೆ ಹಾಲಿನ ಕ್ಯಾನು, ರೇಷ್ಮೆಗೂಡಿನ ಚೀಲ ಹೊತ್ತು ದುಡಿದ ಯೆಜ್ಡಿಗಳು ದ್ರಾಕ್ಷಿ ತೋಟದ ಶೆಡ್ಡಿನಲ್ಲೋ ದನದ ಕೊಟ್ಟಿಗೆಯ ಮೂಲೆಯಲ್ಲೋ ನಿಂತಿರುವುದುಂಟು. ಅಪ್ಪನ ಗಾಡಿ, ಮಾವನ ಗಾಡಿ ಎಂದು ಮಕ್ಕಳು ಅವನ್ನು ಹೊರಗೆಳೆದು ಎಂಜಿನ್ ಕೆಲಸ ಮಾಡಿಸುತ್ತಾರೆ. ಕಿಕ್ಕರ್‌ಗೂ ಗೇರಿಗೂ ಒಂದೇ ಲಿವರ್ ಇರುವ ಆ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ಕು ಇನ್ನೂ ಸಿಗುತ್ತಾರೆ. ಬಣ್ಣದ ವಿಷಯದಲ್ಲೇ ಹೆಚ್ಚಿನ ಗಾಡಿಗಳು ಕೆಡುವುದು.

ಮೊದಲು ತೊಳೆಯಿರಿ, ಆಮೇಲೆ ಬಣ್ಣ ನೋಡಿ

ಧೂಳು ಮೆತ್ತಿಕೊಂಡ ಟ್ಯಾಂಕಿನ ಫೋಟೋ ಹಿಡಿದುಕೊಂಡು ಅಂಗಡಿಗೆ ಹೋಗಿ ‘ಈ ಶೇಡು ಕೊಡಿ’ ಎಂದರೆ ಯಾರಿಂದಲೂ ಆಗದು. ಕಣ್ಣಿಗೆ ಕಾಣುತ್ತಿರುವುದು ಬಣ್ಣವಲ್ಲ, ಬಣ್ಣದ ಮೇಲಿನ ಪದರ. ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತ ಪೇಂಟಿನ ಮೇಲ್ಮೈಯಲ್ಲಿ ಅಂಟು ಸವೆದು, ಬಣ್ಣದ ಪುಡಿ ಮಾತ್ರ ಸಡಿಲವಾಗಿ ಉಳಿಯುತ್ತದೆ. ಬೆರಳಲ್ಲಿ ಒರೆಸಿದರೆ ಸೀಮೆಸುಣ್ಣದ ಹಾಗೆ ಅಂಟಿಕೊಳ್ಳುವುದು ಅದೇ. ಅದರಿಂದಾಗಿ ಮರೂನು ಮಂಕಾಗಿ, ಬೂದಿ ಎರಚಿದಂತೆ ಕಾಣುತ್ತದೆ.

ಶಾಂಪೂ ನೀರಿನಲ್ಲಿ ತೊಳೆದು, ಒಣಗಿದ ಮೇಲೆ ರಬ್ಬಿಂಗ್ ಕಾಂಪೌಂಡನ್ನು ಹತ್ತಿ ಬಟ್ಟೆಗೆ ತೆಗೆದುಕೊಂಡು ಅಂಗೈಯಗಲದ ಜಾಗದಲ್ಲಿ ಮೆಲ್ಲಗೆ ಉಜ್ಜಿ. ಬಟ್ಟೆಗೆ ಕೆಂಪು ಹತ್ತುತ್ತದೆ, ಗಾಬರಿ ಬೇಡ. ಮೇಲಿನ ಸತ್ತ ಪದರ ಹೋದಾಗ ಅಡಿಯಲ್ಲಿ ಜೀವವಿರುವ ಬಣ್ಣ ಏಳುತ್ತದೆ. ಅಂಚು, ಉಬ್ಬು, ಟ್ಯಾಂಕಿನ ಮೂತಿಯ ಸುತ್ತ ಮಾತ್ರ ಹೆಚ್ಚು ಉಜ್ಜಬೇಡಿ. ಅಲ್ಲಿ ಪೇಂಟು ತೆಳುವಾಗಿರುತ್ತದೆ, ಪ್ರೈಮರ್ ಕಂಡುಬಿಡುತ್ತದೆ. ಎಷ್ಟೋ ಗಾಡಿಗಳಿಗೆ ಪಾಲಿಶ್ ಆದ ಮೇಲೆ ಟಚ್‌ಅಪ್ ಬೇಕಾಗುವ ಜಾಗ ಅಂದುಕೊಂಡದ್ದರ ಕಾಲುಭಾಗವೂ ಇರುವುದಿಲ್ಲ.

ಉಜ್ಜುವ ಮುಂಚೆ ಒಂದು ಎಚ್ಚರಿಕೆ. ಹಳೆಯ ಪೇಂಟಿನಲ್ಲಿ ಸೀಸ ಇರಬಹುದು. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ವಾಹನದ ಪೇಂಟು ಆ ನಿಯಮದ ಒಳಗೆ ಬರುವುದೂ ಇಲ್ಲ. ಆದ್ದರಿಂದ ಒಣ ಎಮರಿ ಬೇಡವೇ ಬೇಡ. ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿಯೇ ಉಜ್ಜಿ, ಕೆಸರನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಅಂಗಳದಲ್ಲಿ ಮಕ್ಕಳು ಆಡುತ್ತಿದ್ದರೆ ಆಚೆ ಕಳಿಸಿ.

ಮೂಲ ಬಣ್ಣ ಎಲ್ಲಿ ಅಡಗಿದೆ

ಟೂಲ್‌ಬಾಕ್ಸ್ ಮುಚ್ಚಳದ ಒಳಭಾಗ, ಹೆಡ್‌ಲೈಟ್ ಬುಟ್ಟಿಯ ಒಳಮೈ, ಟ್ಯಾಂಕಿನ ಬ್ಯಾಡ್ಜು ಮತ್ತು ಮಂಡಿ ರಬ್ಬರಿನ ಅಡಿ, ಸೀಟಿನ ಕೆಳಗೆ ಟ್ಯಾಂಕಿನ ಹಿಂತುದಿ, ನಂಬರ್ ಪ್ಲೇಟಿನ ಹಿಂದೆ. ಇಲ್ಲೆಲ್ಲ ಬಿಸಿಲು ಬೀಳದ ಬಣ್ಣ ಇರುತ್ತದೆ. ಬ್ಯಾಡ್ಜ್ ತೆಗೆದು ನೋಡಿದಾಗ ಸಿಗುವ ಆ ಗಾಢ ಕೆಂಪು ನೋಡಿ ಎಲ್ಲರಿಗೂ ಖುಷಿಯಾಗುತ್ತದೆ, ‘ಇದೇ ಒರಿಜಿನಲ್, ಇದಕ್ಕೇ ಹೊಂದಿಸೋಣ’ ಎನ್ನುತ್ತಾರೆ. ಪೂರ್ತಿ ಪೇಂಟ್ ಮಾಡುವವರಿಗೆ ಅದು ಸರಿ. ಟಚ್‌ಅಪ್ ಮಾಡುವವರಿಗೆ ಅದು ತಪ್ಪು ಮಾದರಿ. ಟ್ಯಾಂಕಿನ ಮೇಲ್ಭಾಗದಲ್ಲಿ ಐವತ್ತು ವರ್ಷ ಬಿಸಿಲುಂಡ ಬಣ್ಣದ ನಡುವೆ ಆ ಹೊಸ ಗಾಢ ಕೆಂಪು ಕೂತರೆ ತೇಪೆಯಂತೆ ಎದ್ದು ಕಾಣುತ್ತದೆ. ತೇಪೆ ಕಾಣಬಾರದೆಂದರೆ ಅದರ ಸುತ್ತ ಈಗ ಇರುವ ಬಣ್ಣಕ್ಕೇ ಹೊಂದಿಸಬೇಕು, ಕಾರ್ಖಾನೆಯ ದಿನದ ಬಣ್ಣಕ್ಕಲ್ಲ. ಒಂದೇ ಗಾಡಿಯಲ್ಲಿ ಟ್ಯಾಂಕಿನ ಮೇಲಿಗೆ ಒಂದು ಮಿಶ್ರಣ, ಮಡ್‌ಗಾರ್ಡಿನ ಕೆಳಗಿಗೆ ಇನ್ನೊಂದು ಮಿಶ್ರಣ ಬೇಕಾಗುವುದು ಸಹಜ.

ದಂತದ ಬಣ್ಣ, ಕೆನೆ ಬಣ್ಣ ಇರುವ ಗಾಡಿಗಳಲ್ಲಿ ಕತೆ ತಿರುವುಮುರುವು. ಎಣ್ಣೆ ಅಂಶವಿರುವ ಹಳೆಯ ಎನಾಮೆಲ್ ಕತ್ತಲೆಯಲ್ಲಿದ್ದಾಗಲೇ ಹೆಚ್ಚು ಹಳದಿಗಟ್ಟುತ್ತದೆ, ಬೆಳಕಿನಲ್ಲಿದ್ದಾಗ ಬಿಳಿಚುತ್ತದೆ. ಹಾಗಾಗಿ ರಬ್ಬರಿನ ಅಡಿಯ ಕೆನೆ ಬಣ್ಣ ಕಾರ್ಖಾನೆಯಿಂದ ಬಂದಾಗಿನದ್ದಕ್ಕಿಂತಲೂ ಹಳದಿಯಾಗಿರಬಹುದು. ಅದನ್ನು ಮೂಲವೆಂದು ನಂಬಿದರೆ ಪೂರ್ತಿ ಪೇಂಟ್ ಮಾಡುವವರಿಗೂ ಲೆಕ್ಕ ತಪ್ಪುತ್ತದೆ.

ಆರ್‌ಸಿ ಪುಸ್ತಕವನ್ನೂ ಒಮ್ಮೆ ತೆರೆದು ನೋಡಿ. ಅದರಲ್ಲಿ ಗಾಡಿಯ ಬಣ್ಣ ನಮೂದಾಗಿರುತ್ತದೆ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು, ಆಗ ಆರ್‌ಟಿಒದಲ್ಲಿ ಗಾಡಿ ತೋರಿಸಬೇಕು. ಕಪ್ಪೆಂದು ಬರೆದಿರುವ ಗಾಡಿ ಇಷ್ಟದಂತೆ ಕೆಂಪಾಗಿದ್ದರೆ ಅಲ್ಲಿ ತಕರಾರು ಬರುತ್ತದೆ. ಇದ್ದ ಬಣ್ಣಕ್ಕೇ ಟಚ್‌ಅಪ್ ಮಾಡಿದವರಿಗೆ ಈ ತಲೆಬಿಸಿ ಇಲ್ಲ.

ಹುಣಸೆ ನೆರಳಿನಲ್ಲಿ ಬಣ್ಣ ಹೊಂದಿಸಬೇಡಿ

ನಲ್ಲೂರು ಎಂದರೆ ಹುಣಸೆ ತೋಪು. ಸುಮಾರು 54 ಎಕರೆಯ ಈ ತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಸುತ್ತಲಿನ ಊರುಗಳಲ್ಲೂ ಮನೆ ಮುಂದೆ ಹುಣಸೆಯೋ ಹೊಂಗೆಯೋ ಮಾವೋ ಇರುತ್ತದೆ, ಗಾಡಿ ಕೆಲಸವೆಲ್ಲ ಅದರ ನೆರಳಿನಲ್ಲೇ. ಸ್ಪ್ಯಾನರ್ ಹಿಡಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಬಣ್ಣ ನೋಡಲು ಅದಕ್ಕಿಂತ ಕೆಟ್ಟ ಜಾಗವಿಲ್ಲ. ಎಲೆಗಳ ಮೂಲಕ ಸೋಸಿ ಬರುವ ಬೆಳಕಿನಲ್ಲಿ ಹಸಿರು ಹೆಚ್ಚು. ಆ ಬೆಳಕಿನಲ್ಲಿ ಯಾವ ಕೆಂಪನ್ನು ನೋಡಿದರೂ ಕಂದಾಗಿ, ಮಂಕಾಗಿ ಕಾಣುತ್ತದೆ. ಅಂಗಳದ ಕೆಂಪು ಮಣ್ಣಿನ ಮೇಲೆ ನೇರ ಬಿಸಿಲು ಬಿದ್ದಿದ್ದರೆ ಆ ಕೆಂಪು ಮೇಲೆದ್ದು ಟ್ಯಾಂಕಿನ ಕೆಳಬದಿಗೆ ಬಳಿದುಕೊಳ್ಳುತ್ತದೆ. ತೊಟ್ಟ ಅಂಗಿಯ ಬಣ್ಣವೂ ಹೊಳೆಯುವ ಟ್ಯಾಂಕಿನಲ್ಲಿ ಕಾಣುತ್ತದೆ. ಬಿಳಿ ಅಥವಾ ಬೂದು ಅಂಗಿ ಹಾಕಿಕೊಂಡು ಕೂರಿ, ಗಾಡಿಯ ಕೆಳಗೆ ಬಿಳಿ ಪಂಚೆಯೊಂದನ್ನು ಹಾಸಿ.

ಬೆಳಕು ಬಯಲಿನ ಆಕಾಶದ್ದಾಗಿರಬೇಕು, ಬಿಸಿಲು ನೇರ ಬೀಳಬಾರದು. ಬೇರೆ ದೇಶದ ಪುಸ್ತಕಗಳು ಇದಕ್ಕೆ ಉತ್ತರ ದಿಕ್ಕಿನ ಕಿಟಕಿ ಹೇಳುತ್ತವೆ. ನಮ್ಮಲ್ಲಿ ವರ್ಷದ ಬಹುಪಾಲು ಅದು ನಡೆಯುತ್ತದೆ. ಆದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕೆ ಸರಿದಿರುತ್ತಾನೆ. ಆ ತಿಂಗಳುಗಳಲ್ಲಿ ಮನೆಯ ದಕ್ಷಿಣ ಗೋಡೆಯ ನೆರಳೇ ವಾಸಿ. ತೆಳು ಮೋಡ ಕವಿದ ಹಗಲು ಸಿಕ್ಕರೆ ಇನ್ನೂ ಚೆನ್ನ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ನೋಡಿ. ಸಂಜೆಯ ಬೆಳಕಿನಲ್ಲಿ ಎಲ್ಲ ಕೆಂಪೂ ಚೆಂದವೇ, ಯಾವುದನ್ನೂ ನಂಬಲಾಗದು.

ಬೆಳಕಿನದ್ದು ಇನ್ನೊಂದು ಕಾಟವಿದೆ. ಮಗ್ಗುಲಲ್ಲಿ ಮಗ್ಗುಲು ಇಟ್ಟಾಗ ಹಗಲಿನಲ್ಲಿ ಒಂದೇ ಎನಿಸಿದ ಎರಡು ಬಣ್ಣ, ರಾತ್ರಿ ಎಲ್‌ಇಡಿ ದೀಪದಡಿ ಬೇರೆಬೇರೆಯಾಗಿಬಿಡುತ್ತವೆ. ಅಂದಿನ ಮರೂನನ್ನು ಯಾವ ಬಣ್ಣದ ಪುಡಿಗಳಿಂದ ಕಲಸಿದ್ದರೋ ಇಂದಿನ ಅಂಗಡಿಯವರು ಅವನ್ನೇ ಬಳಸುವುದಿಲ್ಲ. ಬೇರೆ ಪುಡಿಗಳಿಂದ ಅದೇ ಬಣ್ಣ ತೋರುವಂತೆ ಮಾಡಿರುತ್ತಾರೆ. ಬೆಳಕು ಬದಲಾದಾಗ ಎರಡೂ ಒಂದೇ ರೀತಿ ಬದಲಾಗುವುದಿಲ್ಲ. ಇದನ್ನು ಪೂರ್ತಿ ತಪ್ಪಿಸಲಾಗದು. ಹಗಲು ನೆರಳು, ಇಳಿಬಿಸಿಲು, ಮನೆಯೊಳಗಿನ ದೀಪ, ಈ ಮೂರರಲ್ಲೂ ನೋಡಿ, ಗಾಡಿ ಹೆಚ್ಚು ಹೊತ್ತು ಕಾಣುವ ಬೆಳಕಿಗೆ ಮೊದಲ ಮನ್ನಣೆ ಕೊಡಿ. ಓಡಿಸುವ ಗಾಡಿಯಾದರೆ ಅದು ಹಗಲೇ.

ಕೆಂಪು-ಹಸಿರಿನ ನಡುವೆ ವ್ಯತ್ಯಾಸ ತಿಳಿಯದ ದೃಷ್ಟಿದೋಷ ಗಂಡಸರಲ್ಲಿ ಹೆಂಗಸರಿಗಿಂತ ಎಷ್ಟೋ ಪಾಲು ಹೆಚ್ಚು, ಅದಿರುವುದು ಅನೇಕರಿಗೆ ಗೊತ್ತೇ ಇರುವುದಿಲ್ಲ. ಕೊನೆಯ ತೀರ್ಮಾನಕ್ಕೆ ಮುಂಚೆ ಮನೆಯ ಹೆಂಗಸರೊಬ್ಬರನ್ನು ಕರೆದು ತೋರಿಸಿ. ಸೀರೆಗೆ ರವಿಕೆ ಬಟ್ಟೆ ಹೊಂದಿಸಿ ಪಳಗಿದ ಕಣ್ಣು ಅದು, ಕೂದಲೆಳೆಯ ವ್ಯತ್ಯಾಸವನ್ನೂ ಹಿಡಿಯುತ್ತದೆ.

ಅಂಗಡಿಯಿಂದ ಏನು ತರಬೇಕು

ಮೊದಲು ಗಾಡಿಯ ಮೇಲಿರುವುದು ಯಾವ ಜಾತಿಯ ಪೇಂಟು ಎಂದು ತಿಳಿಯಬೇಕು. ಸೀಟಿನಡಿ ಕಾಣದ ಜಾಗದಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಅದ್ದಿದ ಹತ್ತಿಯನ್ನು ಅರೆ ನಿಮಿಷ ಒತ್ತಿ. ಬಣ್ಣ ಕರಗಿ ಹತ್ತಿಗೆ ಬಂದರೆ ಅದು ಎನ್‌ಸಿ. ಸುಕ್ಕುಗಟ್ಟಿ ಎದ್ದರೆ ಎನಾಮೆಲ್ ಇರಬೇಕು. ಏನೂ ಆಗದಿದ್ದರೆ ಒಲೆಯಲ್ಲಿ ಕಾಯಿಸಿದ ಕಾರ್ಖಾನೆಯ ಪೇಂಟು ಅಥವಾ ಈಚೆಗೆ ಯಾರೋ ಹೊಡೆದ ಪಿಯು (ಪಾಲಿಯುರೆಥೇನ್). ಎನಾಮೆಲ್ ಮೇಲೆ ಎನ್‌ಸಿ ಹಾಕಿದರೆ ಅದರ ಥಿನ್ನರು ಹಳೆಯ ಪೇಂಟನ್ನು ಎತ್ತಿಬಿಡುತ್ತದೆ, ಚುಕ್ಕೆಯಷ್ಟಿದ್ದ ಗಾಯ ಅಂಗೈಯಷ್ಟಾಗುತ್ತದೆ. ಟ್ಯಾಂಕಿನ ಮೇಲಂತೂ ಬರೀ ಎನ್‌ಸಿ ಬೇಡ. ಪೆಟ್ರೋಲ್ ಚೆಲ್ಲಿದರೆ ಅದು ಮೆತ್ತಗಾಗುತ್ತದೆ. ಟೂ-ಸ್ಟ್ರೋಕ್ ಗಾಡಿಯಲ್ಲಿ ಆಯಿಲ್ ಬೆರೆಸಿದ ಪೆಟ್ರೋಲ್ ತುಂಬುವಾಗ ಮೂತಿಯ ಸುತ್ತ ಚೆಲ್ಲದೇ ಇರುವುದಿಲ್ಲ. ಟ್ಯಾಂಕಿಗೆ ಪಿಯು, ಉಳಿದ ಕಡೆ ಇದ್ದದ್ದಕ್ಕೆ ಹೊಂದುವುದು, ಇದು ನನ್ನ ಸಲಹೆ. ಪಿಯು ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಸ್ಪ್ರೇ ಮಾಡಿದಾಗ ಅದರ ಹನಿಗಳು ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ಅಂಟಿಕೊಳ್ಳಬಹುದು, ಬಟ್ಟೆಯ ಮಾಸ್ಕು ಅದನ್ನು ತಡೆಯದು. ಮನೆಯಲ್ಲಿ ಮಾಡುವವರು ಬಯಲಿನಲ್ಲಿ ಕೂತು ಬ್ರಶ್‌ನಲ್ಲಷ್ಟೇ ಹಚ್ಚಿ. ಸ್ಪ್ರೇ ಬೇಕೆಂದರೆ ಬೂತ್ ಇರುವವರಲ್ಲಿಗೆ ಹೋಗಿ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ, ಈಗ ಸಣ್ಣ ಪಟ್ಟಣಗಳಲ್ಲೂ, ಆಟೊಮೊಬೈಲ್ ಪೇಂಟ್ ಕಲಸಿ ಕೊಡುವ ಅಂಗಡಿಗಳಿವೆ. ಕೆಲವರು ಬಣ್ಣ ಓದುವ ಯಂತ್ರ ಇಟ್ಟುಕೊಂಡಿರುತ್ತಾರೆ, ಕೆಲವರು ಕಣ್ಣಳತೆಯಲ್ಲೇ ಕಲಸುತ್ತಾರೆ. ಇಬ್ಬರಿಗೂ ಬೇಕಾದದ್ದು ಫೋಟೋ ಅಲ್ಲ, ವಸ್ತು. ಟೂಲ್‌ಬಾಕ್ಸ್ ಮುಚ್ಚಳ ಬಿಚ್ಚಿಕೊಂಡು ಹೋಗಿ. ಅದು ಸಪಾಟಾಗಿದೆ, ಚೀಲದಲ್ಲಿ ಹಿಡಿಯುತ್ತದೆ. ಹೊರಮೈಯಲ್ಲಿ ಕಾಂಪೌಂಡ್ ಹಾಕಿ ಪಾಲಿಶ್ ಮಾಡಿದ ಜಾಗಕ್ಕೆ ಗುರುತು ಹಾಕಿ ‘ಇದಕ್ಕೆ ಹೊಂದಿಸಿ’ ಎಂದು ಬಿಡಿಸಿ ಹೇಳಿ. ಯಂತ್ರ ಕೊಟ್ಟ ಸೂತ್ರದ ಚೀಟಿ ಕೇಳಿ ಪಡೆಯಿರಿ. ನೂರು ಮಿಲಿ ಸಾಕು, ಅಷ್ಟರಲ್ಲೇ ಮಿಗುತ್ತದೆ. ಜೊತೆಗೆ ರೆಡ್ ಆಕ್ಸೈಡ್, ನೀಲಿ ಛಾಯೆಯ ಕೆಂಪು, ಹಳದಿ ಆಕ್ಸೈಡ್, ಹಸಿರು, ಕಪ್ಪು ಸ್ಟೇನರುಗಳನ್ನು ಅದೇ ಜಾತಿಯ ಪೇಂಟಿನಲ್ಲಿ ಚೂರುಚೂರು ತನ್ನಿ. ಮೆಡಿಕಲ್ ಸ್ಟೋರಿನಿಂದ ಸೂಜಿಯಿಲ್ಲದ ಸಿರಿಂಜುಗಳು ನಾಲ್ಕಾರು. ಅಳತೆಯೆಲ್ಲ ಅವುಗಳಲ್ಲೇ.

ಹೊಂದಿಸುವ ಕ್ರಮ

ಫ್ರಿಜ್ಜಿಗೆ ಅಂಟಿಸುವ ಜಾಹೀರಾತಿನ ತೆಳು ಅಯಸ್ಕಾಂತದ ಹಾಳೆ ಮನೆಯಲ್ಲಿದ್ದೇ ಇರುತ್ತದೆ. ಅದನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಗಾಡಿಗೆ ಹಾಕುವ ಪ್ರೈಮರನ್ನೇ ಬಳಿದು ಒಣಗಿಸಿಡಿ. ಕಲಸಿದ ಬಣ್ಣವನ್ನು ಪಟ್ಟಿಯ ತುದಿಯವರೆಗೂ ಬರುವಂತೆ ಎರಡು ಕೋಟ್ ಹಚ್ಚಿ, ಪೂರ್ತಿ ಒಣಗಿದ ಮೇಲೆ ಟ್ಯಾಂಕಿಗೆ ಅಂಟಿಸಿ. ತಗಡಿನ ಟ್ಯಾಂಕಾದ್ದರಿಂದ ತಾನೇ ಕಚ್ಚಿಕೊಳ್ಳುತ್ತದೆ. ಹಳೆಯ ಬಣ್ಣಕ್ಕೂ ಹೊಸ ಬಣ್ಣಕ್ಕೂ ನಡುವೆ ಬಿಳಿ ಅಂಚು ಕಾಣಬಾರದು, ಕಂಡರೆ ಕಣ್ಣು ಎರಡನ್ನೂ ಬೇರೆಬೇರೆಯಾಗಿ ನೋಡುತ್ತದೆ. ಹಸಿ ಬಣ್ಣವನ್ನು ನೋಡಿ ತೀರ್ಮಾನ ಮಾಡುವುದು ಬೇಡ. ಈ ಪೇಂಟುಗಳು ಒಣಗಿದ ಮೇಲೆ ಸಾಮಾನ್ಯವಾಗಿ ತುಸು ಗಾಢವಾಗುತ್ತವೆ.

ಮೊದಲು ನೋಡಬೇಕಾದದ್ದು ಕೆಂಪು ಎಷ್ಟು, ಕಂದು ಎಷ್ಟು ಎಂದಲ್ಲ, ತಿಳಿಯೋ ಗಾಢವೋ ಎಂದು. ಕಣ್ಣು ಅರೆಮುಚ್ಚಿ ನೋಡಿ, ಅಥವಾ ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಫೋಟೋದಲ್ಲಿ ಪಟ್ಟಿ ಕರಗಿ ಕಾಣದಂತಾದರೆ ಗಾಢತೆ ಕೂತಿದೆ ಎಂದರ್ಥ. ಗಾಢತೆ ಸರಿಯಿದ್ದು ಛಾಯೆ ಕೊಂಚ ತಪ್ಪಿದ ಟಚ್‌ಅಪ್ ಎರಡು ಮಾರು ದೂರದಿಂದ ಕಾಣುವುದಿಲ್ಲ. ಛಾಯೆ ಸರಿಯಿದ್ದು ಗಾಢತೆ ತಪ್ಪಿದ್ದು ರಸ್ತೆಯಾಚೆಯಿಂದಲೂ ಕಾಣುತ್ತದೆ.

ಆಮೇಲೆ ಛಾಯೆ. ಕಲಸಿದ ಮರೂನು ಕಂದಿನ ಕಡೆ ವಾಲಿದ್ದರೆ ನೀಲಿ ಛಾಯೆಯ ಕೆಂಪು ಒಂದೊಂದೇ ಹನಿ. ನೇರಳೆಯ ಕಡೆ ವಾಲಿದ್ದರೆ ರೆಡ್ ಆಕ್ಸೈಡ್. ಮಾಸಿದ ಮರೂನಿಗೆ ಹೊಂದಿಸಲು ಬಿಳಿ ಹಾಕುವವರಿದ್ದಾರೆ. ಹಾಕಬೇಡಿ, ಗುಲಾಬಿಯಾಗುತ್ತದೆ. ರೆಡ್ ಆಕ್ಸೈಡೇ ಆ ಮಾಸಲನ್ನು ತರುತ್ತದೆ. ಹೊಳಪು ಹೆಚ್ಚಾಗಿ ಕಣ್ಣಿಗೆ ಹೊಡೆಯುತ್ತಿದ್ದರೆ ಕಪ್ಪಿನ ಬದಲು ಹಸಿರನ್ನು ಸೂಜಿಮೊನೆಯಷ್ಟು ಸೇರಿಸಿ. ಕಪ್ಪು ಹಾಕಿದ ಕೆಂಪು ಕೊಳೆಯಾದಂತೆ ಕಾಣುತ್ತದೆ, ಒಮ್ಮೆ ಹಾಕಿದರೆ ಹಿಂದೆ ಬರುವ ದಾರಿಯಿಲ್ಲ. ಕೆನೆ ಬಣ್ಣಕ್ಕೆ ಬಿಳಿಯಿಂದ ಹೊರಟು ಹಳದಿ ಆಕ್ಸೈಡು, ಕೊನೆಗೆ ರೆಡ್ ಆಕ್ಸೈಡಿನ ಒಂದು ಹನಿ. ಢಾಳಾದ ನಿಂಬೆ ಹಳದಿ ಹಾಕಿದರೆ ಹಸಿರು ಹೊಡೆಯುತ್ತದೆ. ಹತ್ತು ಮಿಲಿಯಲ್ಲೇ ಪ್ರಯೋಗ ಮಾಡಿ, ಹಾಕಿದ ಹನಿಗಳನ್ನು ಪಟ್ಟಿಯ ಬೆನ್ನಿಗೇ ಬರೆಯಿರಿ. ಸರಿಹೋದ ಪಟ್ಟಿ ಸಿಕ್ಕ ಮೇಲೆ ಉಳಿದ ತೊಂಬತ್ತನ್ನು ಅದೇ ಲೆಕ್ಕದಲ್ಲಿ ಕಲಸಿ. ಬೆಳ್ಳಿ ಮಿನುಗಿನ ಮೆಟಾಲಿಕ್ ಬಣ್ಣವಿರುವ ಗಾಡಿಗೆ ಈ ಬ್ರಶ್ಶಿನ ದಾರಿ ಆಗದು, ಅಲ್ಲಿ ಮಿನುಗು ಮಲಗುವ ರೀತಿಯೇ ಬೇರೆ.

ಹಚ್ಚುವಾಗ

ತುಕ್ಕಿದ್ದರೆ ಫಾಸ್ಫಾರಿಕ್ ಆಮ್ಲದ ರಸ್ಟ್ ರಿಮೂವರಿನಿಂದ ತೆಗೆದು, ನೀರಲ್ಲಿ ತೊಳೆದು, ಕೂಡಲೇ ಒಣಗಿಸಿ. ಪೇಂಟು ಕಿತ್ತ ಜಾಗದ ಅಂಚನ್ನು 600ರ ವಾಟರ್ ಪೇಪರಿನಿಂದ ಇಳಿಜಾರು ಮಾಡಿ, ಬೆರಳಾಡಿಸಿದರೆ ಮೆಟ್ಟಿಲು ತಗಲಬಾರದು. ಮೇಣ, ಸಿಲಿಕೋನ್ ಪಾಲಿಶ್ ಉಳಿದಿದ್ದರೆ ಪೇಂಟು ಕಣ್ಣುಕಣ್ಣಾಗಿ ಬಿಟ್ಟುಕೊಳ್ಳುತ್ತದೆ, ವ್ಯಾಕ್ಸ್ ರಿಮೂವರಿನಿಂದ ಒರೆಸಿ. ಮರೂನಿನಡಿ ರೆಡ್ ಆಕ್ಸೈಡ್ ಪ್ರೈಮರ್, ಕೆನೆ ಬಣ್ಣದಡಿ ತಿಳಿ ಬೂದು. ಕೆಂಪು ಪೇಂಟು ಅಡಿಯದನ್ನು ಪೂರ್ತಿ ಮುಚ್ಚುವುದಿಲ್ಲ. ಪ್ರೈಮರ್ ಬದಲಾದರೆ ಕಷ್ಟಪಟ್ಟು ಹೊಂದಿಸಿದ ಶೇಡೂ ಬದಲಾಗುತ್ತದೆ. ಪಟ್ಟಿಗೂ ಅದೇ ಪ್ರೈಮರ್ ಬಳಿಯಿರಿ ಎಂದದ್ದು ಅದಕ್ಕೇ.

ಬಣ್ಣ ಗಾಯದೊಳಗೇ ಇರಲಿ, ಸುತ್ತ ಹರಡಬೇಡಿ. ತೆಳುವಾಗಿ, ನಾಲ್ಕೈದು ಸಲ, ಪ್ರತಿ ಸಲವೂ ಒಣಗಲು ಬಿಟ್ಟು ಹಚ್ಚಿ. ಗಾಯ ದೊಡ್ಡದಿದ್ದರೆ ಹೊಸ ಬಣ್ಣವನ್ನು ಟ್ಯಾಂಕಿನ ಚಿನ್ನದ ಗೆರೆಯವರೆಗೋ ತಗಡಿನ ಮಡಿಕೆಯವರೆಗೋ ಒಯ್ದು ಅಲ್ಲಿಗೆ ನಿಲ್ಲಿಸಿ. ಗೆರೆಯ ಆಚೆಗೂ ಈಚೆಗೂ ಇರುವ ತುಸು ವ್ಯತ್ಯಾಸವನ್ನು ಕಣ್ಣು ಕ್ಷಮಿಸುತ್ತದೆ, ಬಯಲಿನ ನಡುವೆ ಕ್ಷಮಿಸುವುದಿಲ್ಲ. ಗೆರೆಯೇ ಅಳಿಸಿದ್ದರೆ ಬೋರ್ಡ್ ಬರೆಯುವ ಹಳಬರನ್ನು ಹುಡುಕಿ. ಉದ್ದ ಕೂದಲಿನ ಬ್ರಶ್ಶಿನಲ್ಲಿ ಅವರು ಒಂದೇ ಉಸಿರಿಗೆ ಎಳೆಯುವ ಗೆರೆ ಸ್ಟಿಕ್ಕರಿನಿಂದ ಬರುವುದಿಲ್ಲ.

ಕಾಲ ನೋಡಿಕೊಳ್ಳಿ. ಮಳೆಗಾಲದ ತೇವದಲ್ಲಿ ಎನ್‌ಸಿ ಹಚ್ಚಿದರೆ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರನ್ನು ಹಿಡಿದುಕೊಳ್ಳುತ್ತದೆ, ಬಿಳಿ ಮಂಜು ಕವಿದಂತಾಗುತ್ತದೆ. ಚಳಿಗಾಲದ ಬೆಳಗ್ಗೆ ತಗಡಿನ ಮೇಲೆ ಇಬ್ಬನಿ ಕೂತಿರುತ್ತದೆ, ಬಿಸಿಲೇರಿದ ಮೇಲೆಯೇ ಶುರುಮಾಡಿ. ಫೆಬ್ರವರಿ-ಮಾರ್ಚಿನಲ್ಲಿ ಗಾಳಿಗೆ ಕೆಂಪು ಧೂಳು ಏಳುತ್ತದೆ, ನೆಲಕ್ಕೆ ನೀರು ಚಿಮುಕಿಸಿ ಕೂರಿ.

ವಾರ ಕಳೆದ ಮೇಲೆ ಹೊಸ ಬಣ್ಣ ಹಳೆಯದಕ್ಕಿಂತ ಕೂದಲೆಳೆಯಷ್ಟು ಎತ್ತರದಲ್ಲಿರುತ್ತದೆ. ಪೆನ್ಸಿಲ್ ರಬ್ಬರಿಗೆ 2000ರ ವಾಟರ್ ಪೇಪರ್ ಸುತ್ತಿ, ಸೋಪು ನೀರಿನಲ್ಲಿ ಆ ಜಾಗವನ್ನಷ್ಟೇ ಸಮ ಮಾಡಿ, ಕಾಂಪೌಂಡಿನಿಂದ ಹೊಳಪು ತನ್ನಿ. ಶೇಡು ಎಷ್ಟೇ ಹೊಂದಿದ್ದರೂ ಹೊಳಪು ಬೇರೆಯಾದರೆ ಬಣ್ಣವೇ ಬೇರೆ ಎನಿಸುತ್ತದೆ. ಹಳೆಯದು ಮಂದವಾಗಿದ್ದರೆ ಹೊಸದನ್ನೂ ಅಷ್ಟೇ ಮಂದಕ್ಕೆ ನಿಲ್ಲಿಸಿ.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಬೆಂಗಳೂರಿನಲ್ಲಿ ಹಳೆಯ ಜಾವಾ, ಯೆಜ್ಡಿಗಳು ಸಾಲಾಗಿ ನಿಲ್ಲುತ್ತವೆ. ಟಚ್‌ಅಪ್ ಕೈಗೆತ್ತಿಕೊಳ್ಳುವ ಮುಂಚೆ ಒಮ್ಮೆ ಹೋಗಿ, ಕಾರ್ಖಾನೆಯ ಬಣ್ಣ ಉಳಿಸಿಕೊಂಡ ಗಾಡಿಗಳು ಯಾವುವು ಎಂದು ಕೇಳಿ ನೋಡಿ. ಹತ್ತಿರ ಹೋಗಿ ಅವನ್ನು ಹೊಸ ಪೇಂಟಿನ ಗಾಡಿಗಳ ಜೊತೆ ಹೋಲಿಸಿದರೆ ಯಾವುದಕ್ಕೆ ಹೊಂದಿಸಬೇಕೆಂಬ ಅಂದಾಜು ಕಣ್ಣಿಗೆ ಕೂರುತ್ತದೆ.

ಮಿಕ್ಕ ಬಣ್ಣವನ್ನು ಹಾರ್ಡನರ್ ಸೇರಿಸದೆ ಸಣ್ಣ ಗಾಜಿನ ಬಾಟಲಿಗೆ ಕಂಠದವರೆಗೂ ತುಂಬಿ, ಬಿರಡೆ ಬಿಗಿದು, ಒಲೆಯಿಂದ ದೂರದ ನೆರಳಿನಲ್ಲಿಡಿ. ಬಾಟಲಿಯ ಮೇಲೆ ಗಾಡಿಯ ಯಾವ ಭಾಗದ್ದು, ಯಾವ ಜಾತಿಯ ಪೇಂಟು, ಹನಿಗಳ ಲೆಕ್ಕ, ಕಲಸಿದ ತಿಂಗಳು ಬರೆದು ಅಂಟಿಸಿ, ಹೊಂದಿದ ಪಟ್ಟಿಯನ್ನು ರಬ್ಬರ್ ಬ್ಯಾಂಡಿನಲ್ಲಿ ಅದಕ್ಕೇ ಕಟ್ಟಿ.